ಕಂಬಿ ಮುಟ್ಟದ ಕಂಡಕ್ಟರ್

ಮಗಳು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಬರುವ ಹೊತ್ತಿಗೆ ಕೆಳಗೆ ಇಬ್ಬರು ಅಜ್ಜಂದಿರು ನಿಂತಿದ್ದರು. ಒಬ್ಬ ಕೈ ಚಾಚಿದ್ದ, ಇನ್ನೊಬ್ಬ ಚಾಚಿರಲಿಲ್ಲ. ಮಗು ಹೋಗಿದ್ದು ಚಾಚದವನ ಕೈಗೆ.

ಚಾಚಿದವನು ಅವಳ ಹೆತ್ತಪ್ಪ, ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಕಂಡಕ್ಟರ್. ಚಾಚದವನು ಅವಳ ಮಾವ, ಅದೇ ಬಸ್ಸಿಗೆ ಹನ್ನೊಂದು ವರ್ಷ ಸ್ಟೀರಿಂಗ್ ಹಿಡಿದ ಡ್ರೈವರ್. ಜೊತೆಗೆ ದುಡಿದವರು ಮಕ್ಕಳಿಗೆ ಮದುವೆ ಮಾಡಿ ಬೀಗರಾಗಿದ್ದರು. ನಾಲ್ಕು ಜನರ ಮುಂದೆ ‘ಬೀಗರೇ, ನೀವು’ ಎಂಬ ಬಹುವಚನ. ಇಬ್ಬರೇ ಇದ್ದಾಗ ಹಳೇ ಡಿಪೋದ ‘ಲೇ, ನೀನು’.

“ನೀನು ಕೂತ್ಕೋ ಅಪ್ಪ,” ಎಂದಳು ಮಗಳು. “ಕೂತ್ರೆ ತೊಡೆ ಮೇಲೆ ಕೊಡ್ತೀನಿ.”

ನಿಂತೇ ಅನ್ನ ದುಡಿದ ಮನುಷ್ಯನಿಗೆ ‘ಕೂತ್ರೆ ಕೊಡ್ತೀನಿ’ ಅಂದರೆ ಹೇಗಿರಬೇಡ? ಕಂಡಕ್ಟರ್ ಕೂರಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಹೊರಗೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆಯೇನೋ ಎಂಬಂತೆ ಖಾಲಿ ರಸ್ತೆ ನೋಡುತ್ತ ನಿಂತ. ಬೆನ್ನ ಹಿಂದೆ ಡ್ರೈವರು ಮಗುವಿಗೆ ಬಾಯಲ್ಲೇ ಹಾರನ್ ಸದ್ದು ಮಾಡಿ ತೋರಿಸುತ್ತಿದ್ದ. ಮಗು ಕಿಲಕಿಲ ನಗುತ್ತಿತ್ತು. ಆ ಒಂದೊಂದು ನಗುವೂ ಕಂಡಕ್ಟರನ ಹೊಟ್ಟೆಗೆ ಒಂದೊಂದು ಕೆಂಡ ಹಾಕಿದ ಹಾಗಿತ್ತು.

ಡ್ರೈವರಿಗೆ ಹೆಂಡತಿ ಇರಲಿಲ್ಲ. ಮಗ-ಸೊಸೆಯ ಮನೆಯ ಕೆಳಗಿನ ಕೋಣೆಯಲ್ಲಿ ಇದ್ದ. ಮಗು ಮಲಗುವ ತೊಟ್ಟಿಲು ಮಹಡಿಯಲ್ಲಿ, ಅಡುಗೆಮನೆ, ಸ್ನಾನ, ಬಿಸಿಲು ಬೀಳುವ ಅಂಗಳ ಎಲ್ಲ ಕೆಳಗೆ. ಮಧ್ಯೆ ಹದಿನಾಲ್ಕು ಮೆಟ್ಟಿಲು. ಎರಡು ಬೀದಿಯಾಚೆ ಇದ್ದ ಕಂಡಕ್ಟರ್ ಮತ್ತವನ ಹೆಂಡತಿ ದಿನಾ ಬೆಳಿಗ್ಗೆ ಎಂಟಕ್ಕೆಲ್ಲ ಇಲ್ಲಿ ಹಾಜರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಮಗಳ ರಜೆ ಇನ್ನು ಎರಡು ತಿಂಗಳಿಗೆ ಮುಗಿಯಲಿತ್ತು. ಆಮೇಲೆ ಹಗಲೆಲ್ಲ ಮಗುವಿನ ಜವಾಬ್ದಾರಿ ಮುದುಕರದ್ದೇ. ಎತ್ತುವುದು, ಇಳಿಸುವುದು, ಹದಿನಾಲ್ಕು ಮೆಟ್ಟಿಲು ಹತ್ತುವುದು. ಅದಕ್ಕೆ ಮಗಳು ಆರಿಸಿದ್ದು ತನ್ನ ಅಮ್ಮನನ್ನು ಮತ್ತು ಮಾವನನ್ನು. ಅಪ್ಪನಿಗೆ ಸಿಕ್ಕಿದ್ದು ಕುರ್ಚಿ.

ಅದರಲ್ಲೂ ಉರಿ ಹತ್ತಿಸಿದ ಸಂಗತಿ ಇನ್ನೊಂದಿತ್ತು. ಬಿದ್ದವನು ಡ್ರೈವರು. ಊರಿಗೆಲ್ಲ ಗೊತ್ತಿದ್ದ ವಿಷಯ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ, ಚಿಲಕ ಹಾಕಿಕೊಂಡಿದ್ದರಿಂದ ಯಾರಿಗೂ ಕೇಳದೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಟ್ಟ ನಲ್ಲಿಯ ಪಕ್ಕ ಅಂಗಾತ ಬಿದ್ದುಕೊಂಡಿದ್ದ. ಡಿಪೋದಲ್ಲಿ ಅವನ ಅಡ್ಡಹೆಸರು ಆಮೆ. “ಆಮೆ ಬೆನ್ನ ಮೇಲೆ ಬಿದ್ರೆ ತಾನಾಗಿ ಏಳುತ್ತಾ?” ಎಂದು ಚಹಾದಂಗಡಿಯಲ್ಲಿ ಜೋಕು ಹೊಡೆದು ಎಲ್ಲರನ್ನೂ ನಗಿಸಿದ್ದು ಇದೇ ಕಂಡಕ್ಟರ್. ಅಂಥ ಬಿದ್ದವನ ಕೈಗೆ ಮಗು. ಬಿದ್ದದ್ದನ್ನು ಯಾರೂ ಕಂಡಿಲ್ಲದ ತನ್ನ ಕೈಗೆ ಗಾಳಿ. ಇದ್ಯಾವ ನ್ಯಾಯ?

ಬಿದ್ದದ್ದನ್ನು ಯಾರೂ ಕಂಡಿಲ್ಲ. ಈ ಮಾತು ಅವನ ಲೆಕ್ಕದಲ್ಲಿ ನೂರಕ್ಕೆ ನೂರು ನಿಜ. ಬಿದ್ದಿಲ್ಲ ಎಂದರೆ ಮಾತ್ರ ಸುಳ್ಳು.

ಕಂಡಕ್ಟರನ ಅಡ್ಡಹೆಸರು ಕಂಬ. ಬಸ್ಸು ಎಂಥ ತಿರುವಿನಲ್ಲಿ ವಾಲಿದರೂ, ಹೊಂಡಕ್ಕೆ ಬಿದ್ದು ಎದ್ದರೂ, ಅವನು ಕಂಬಿ ಹಿಡಿದವನಲ್ಲ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಪಾದ ಓರೆಯಾಗಿ ಅಗಲಿಸಿ, ಮಂಡಿ ಸಡಿಲ ಬಿಟ್ಟು, ಸೊಂಟದಲ್ಲಿ ಬಸ್ಸಿನ ಮಾತು ಕೇಳುತ್ತ ನಿಲ್ಲಬೇಕು. ಹೊಸದಾಗಿ ಸೇರಿದವರು ಕಂಬಿಗೆ ಜೋತುಬಿದ್ದರೆ, “ಏನಪ್ಪಾ, ಬಟ್ಟೆ ಒಣಗಿಸ್ತಾ ಇದೀಯಾ?” ಎಂದು ಕೇಳುತ್ತಿದ್ದ. ಕಂಬಿ ಪ್ರಯಾಣಿಕರಿಗೆ, ಕಂಡಕ್ಟರಿಗಲ್ಲ. ಇದು ಡಿಪೋದಲ್ಲಿ ಯಾರೂ ಬರೆಯದ ಕಾನೂನು. ಅದನ್ನು ಮಾಡಿದವನೂ ಅವನೇ, ಪಾಲಿಸಿದವನೂ ಅವನೇ.

ಆಗಲೂ ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ. ಬಸ್ಸು ಕೊನೇ ಸ್ಟಾಪಿಗೆ ಬಂದಾಗ ಮುದುಕ ಮುದುಕಿಯರು ಮುಂದಿನ ಬಾಗಿಲಿನಿಂದ ಇಳಿಯುತ್ತ ಡ್ರೈವರಿಗೆ ಕೈ ಮುಗಿಯುತ್ತಿದ್ದರು. ಕಂಡಕ್ಟರನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆಂದರೆ ಇವನು ‘ರೈಟ್’ ಅಂದರೂ ಅವನು ಬಸ್ಸು ಎಳೆಯುತ್ತಿರಲಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ನೋಡುತ್ತಿದ್ದ. ಕೊನೆಯ ಮುದುಕಿ ಸೀಟಿಗೆ ಕೂತು ಚೀಲ ತೊಡೆಗೇರಿಸಿಕೊಂಡ ಮೇಲೇ ಗೇರು. ಟ್ರಿಪ್ಪು ತಡವಾಗಿ ಬೈಸಿಕೊಳ್ಳುವುದು ಇಬ್ಬರೂ, ಕೈ ಮುಗಿಸಿಕೊಳ್ಳುವುದು ಒಬ್ಬ. ‘ಪುಣ್ಯ ಎಲ್ಲ ಸೀಟಲ್ಲಿ ಕೂತವನಿಗೆ’ ಎಂದು ಕಂಬ ಆಗಲೇ ಗೊಣಗುತ್ತಿದ್ದ.

ಇಂಥವನು ನಿವೃತ್ತನಾದ ಆರನೇ ವರ್ಷ ಮೊದಲ ಸಲ ಬಿದ್ದ. ಪಾತ್ರೆ ತೊಳೆದ ನೀರು ಚೆಲ್ಲಿದ್ದ ಅಡುಗೆಮನೆಯ ನೆಲದಲ್ಲಿ. ಈಗಿನ ಮನೆ ಕಟ್ಟುವವರಿಗೆ ನೆಲದಲ್ಲಿ ಮುಖ ಕಾಣಬೇಕು. ಆ ನೆಲದ ಮೇಲೆ ಅರವತ್ತು ದಾಟಿದ ಕಾಲೊಂದು ಒದ್ದೆಯಾಗಿ ನಡೆಯುತ್ತದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಎರಡನೇ ಸಲ, ಮಧ್ಯಾಹ್ನದ ನಿದ್ದೆಯಿಂದ ಫೋನು ಕೂಗಿತೆಂದು ಧಡಕ್ಕನೆ ಎದ್ದಾಗ. ಕಣ್ಣು ಕತ್ತಲಿಟ್ಟು, ಮಂಚದ ಕಾಲಿಗೆ ಮೊಣಕೈ ಬಡಿಯಿತು. ಮೂರನೇ ಸಲ, ಮೇಲರ್ಧ ದೂರಕ್ಕೆ, ಕೆಳಗಿನರ್ಧ ಓದುವುದಕ್ಕೆ ಎಂದು ಮಾಡಿಸಿದ ಹೊಸ ಕನ್ನಡಕ ಹಾಕಿಕೊಂಡು ಸ್ವಂತ ಮನೆಯ ಹೊಸ್ತಿಲು ದಾಟುವಾಗ. ಪ್ರತಿ ಸಲವೂ ತಪ್ಪಿತಸ್ಥರು ಬೇರೆ. ನೀರು, ಫೋನು, ಹೊಸ್ತಿಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೂ ಅಂದ, ಆದರೆ ತನ್ನೊಳಗೇ. ಹೆಂಡತಿಗೆ ಬಕೆಟ್ ತಗುಲಿತು ಎಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ತಿಂಗಳಿಗೊಮ್ಮೆ ನೋಡುವ ಡಾಕ್ಟರಿಗೂ ಹೇಳಲಿಲ್ಲ. ಆ ಡಾಕ್ಟರೂ ಕೇಳಲಿಲ್ಲ. ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ ನೋಡಿ, ಇದ್ದ ಮಾತ್ರೆಗೆ ಇನ್ನೊಂದು ಸೇರಿಸಿ, ‘ನಿದ್ದೆ ಬರಲ್ಲ’ ಅಂದಿದ್ದಕ್ಕೆ ಮತ್ತೊಂದು ಬರೆದು ಮೂರು ನಿಮಿಷಕ್ಕೆ ಕಳಿಸಿದರು. ‘ಈ ನಡುವೆ ಬಿದ್ದಿದ್ದೀರಾ?’ ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳುವವರಿಗೆ ಪುರುಸೊತ್ತಿಲ್ಲ, ಹೇಳುವವರಿಗೆ ಮರ್ಯಾದೆ. ಮಧ್ಯೆ ಮುರಿಯುವುದು ಮೂಳೆ.

ಮೂರನೇ ಸಲದ ನಂತರ ಕಂಬನ ನಡಿಗೆ ಕಡಿಮೆಯಾಯಿತು. ಬಿಸಿಲು ಎಂದ, ಬೇಜಾರು ಎಂದ. ಸಂಜೆಯ ಸುತ್ತಾಟ ನಿಂತಿತು. ಬೀಳುವ ಭಯಕ್ಕೆ ನಡೆಯುವುದನ್ನು ಬಿಟ್ಟ, ನಡೆಯದ್ದಕ್ಕೆ ಕಾಲು ಸೊರಗಿತು, ಸೊರಗಿದ ಕಾಲು ಇನ್ನಷ್ಟು ಹೆದರಿಸಿತು. ಪ್ಯಾಂಟಿನೊಳಗೆ ತೊಡೆಗಳು ಹಗ್ಗವಾದವು. ಆದರೆ ಮಗಳ ಮನೆಗೆ ಬಂದರೆ ಸಾಕು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎದೆ ಸೆಟೆಸಿ ಮೆಟ್ಟಿಲು ಹತ್ತಿ ತೋರಿಸುತ್ತಿದ್ದ.

ಆ ಮೆಟ್ಟಿಲಿನ ಪಕ್ಕದಲ್ಲೇ ಇನ್ನೊಂದು ಹೊಟ್ಟೆಯುರಿ. ಡ್ರೈವರು ಬಚ್ಚಲಲ್ಲಿ ಬಿದ್ದು ಎದ್ದ ಮೇಲೆ ಗುಜರಿಗೆ ಹೋಗಿ, ಒಡೆಯಲು ತಂದಿದ್ದ ಹಳೇ ಬಸ್ಸಿನಿಂದ ಕಂಬಿಗಳನ್ನು ಬಿಚ್ಚಿಸಿ ತಂದಿದ್ದ. ಬಚ್ಚಲ ಗೋಡೆಗೆ ಎರಡು, ಕಮೋಡಿನ ಪಕ್ಕ ಒಂದು, ಮೆಟ್ಟಿಲಿನುದ್ದಕ್ಕೂ ಒಂದು. ಸಾವಿರಾರು ಅಂಗೈ ಉಜ್ಜಿ ಉಜ್ಜಿ ಹೊಳಪು ಬಂದ ಕಂಬಿಗಳು. ಬಂದವರೆಲ್ಲ ಮುಟ್ಟಿ ನೋಡಿ, “ಎಂಥ ತಲೆ ಸ್ವಾಮಿ ನಿಮ್ಮದು,” ಎನ್ನುತ್ತಿದ್ದರು. ಸ್ವಂತ ಹೆಂಡತಿಯೂ, “ರೀ, ನಮ್ಮ ಬಚ್ಚಲಿಗೂ ಒಂದು ಹಾಕಿಸೋಣ. ಬೀಗರನ್ನ ನೋಡಿ ಕಲೀರಿ,” ಎಂದಾಗ ಕಂಬ ಎರಡು ದಿನ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮೂವತ್ತೊಂದು ವರ್ಷ ಮುಟ್ಟದ ಕಂಬಿಯನ್ನು ಈಗ ಬಚ್ಚಲಲ್ಲಿ ಹಿಡಿಯಬೇಕೆ? ಅದೂ ಆಮೆಯನ್ನು ನೋಡಿ?

ಆಮೆ ಇನ್ನೂ ಏನೇನೋ ಮಾಡುತ್ತಿದ್ದ. ಚಹಾ ಕುದಿಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದ, ಆಮೇಲೆ ಇನ್ನೊಂದು ಕಾಲು. ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಎದ್ದು ಕೂತು ಎಣಿಸುತ್ತಿದ್ದ. ಮನೆಯೊಳಗೂ ಹಿಮ್ಮಡಿ ಮುಚ್ಚುವ ಬೂಟು. “ಮುದುಕನಿಗೆ ಒಲಿಂಪಿಕ್ಸ್ ಹುಚ್ಚು,” ಎಂದು ಕಂಬ ಹೆಂಡತಿಯ ಹತ್ತಿರ ನಗಾಡಿದ. ಅವಳು ನಗಲಿಲ್ಲ.

ಅದು ನಡೆದದ್ದು ಒಂದು ಶನಿವಾರ ಬೆಳಿಗ್ಗೆ. ಅಳಿಯ ಕೆಲಸಕ್ಕೆ ಹೋಗಿದ್ದ. ಕಂಬನ ಹೆಂಡತಿ ತರಕಾರಿಗೆ ಹೋಗಿದ್ದಳು. ಮಗಳು ಕೆಳಗೆ ಸ್ನಾನಕ್ಕಿಳಿದಿದ್ದಳು. ಡ್ರೈವರು ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದ. ಕಂಡಕ್ಟರ್ ಒಬ್ಬನೇ ಪೇಪರು ಹಿಡಿದು ಕೂತಿದ್ದಾಗ ಮಹಡಿಯಲ್ಲಿ ಮಗು ಎಚ್ಚರವಾಗಿ ಅತ್ತಿತು.

ಬಚ್ಚಲಲ್ಲಿ ನೀರಿನ ಸದ್ದು, ಮಗಳಿಗೆ ಕೇಳಿಸಿರಲಿಕ್ಕಿಲ್ಲ. ಹಿತ್ತಲ ಬಾಗಿಲು ಮುಚ್ಚಿತ್ತು. ಕಂಬನಿಗೆ ಹಬ್ಬವೇ ಆಯಿತು. ಸರಸರನೆ ಎದ್ದ, ಚಪ್ಪಲಿ ಮೆಟ್ಟಿಕೊಂಡು ಹದಿನಾಲ್ಕೂ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ. ತೊಟ್ಟಿಲಿಗೆ ಬಗ್ಗಿ ಎತ್ತಿಕೊಂಡ. ಮಗು ಅಳು ನಿಲ್ಲಿಸಿ ಅವನ ಕನ್ನಡಕ ನೋಡಿತು. ಐದು ತಿಂಗಳ ಬಿಸಿ ಬಿಸಿ ಭಾರ, ಮೊದಲ ಸಲ ನಿಂತವನ ಎದೆಗೆ. ‘ನೋಡೋ ಆಮೆ, ಸುಮ್ಮನಾದಳು’ ಎಂದುಕೊಂಡ. ಕೆಳಗಿಳಿದು, ಬೇಕೆಂದೇ ಹಿತ್ತಲ ಬಾಗಿಲಿಗೆ ಹೋಗಿ, ಎರಡೂ ಕೈಯಲ್ಲಿ ಮಗು ಹಿಡಿದು ನಿಂತು ತೋರಿಸಬೇಕು. ಇಷ್ಟೇ ಅವನ ಆಸೆ.

ಮೆಟ್ಟಿಲಿನ ತುದಿಗೆ ಬಂದು ಕೆಳಗೆ ನೋಡಿದ. ಕನ್ನಡಕದ ಕೆಳಗಿನ ಅರ್ಧದಲ್ಲಿ ಮೆಟ್ಟಿಲುಗಳು ಒಂದಕ್ಕೊಂದು ಕಲೆಸಿಹೋದವು. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರು ಎಂಬುದು ತಿಳಿಯಲಿಲ್ಲ. ಬಗ್ಗಿ ಎದ್ದ ತಲೆ ಗಿರ್ರೆಂದಿತು. ಅಭ್ಯಾಸಬಲದಿಂದ ಪಾದ ಅಗಲಿಸಿದ, ಮಂಡಿ ಸಡಿಲಿಸಿದ. ಸಡಿಲಿಸಿದ ಮಂಡಿ ಮತ್ತೆ ಬಿಗಿಯಾಗಲಿಲ್ಲ. ಬಲಗಡೆ ಒಂದು ಗೇಣು ದೂರದಲ್ಲಿ ಬಸ್ಸಿನ ಕಂಬಿ ಹೊಳೆಯುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಅದು ಬೇಕೆನಿಸಿತು. ಹಿಡಿಯಲು ಕೈಯಿರಲಿಲ್ಲ.

“ಕಂಬಿ ಹಿಡ್ಕೊಳ್ಳೋಕೆ ಏನಾಗಿತ್ತು?”

ಯಾರೂ ಕೇಳಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಅವನೇ ಕೇಳಿದ ಮಾತು. ಮಾರ್ಕೆಟ್ ಸ್ಟಾಪಿನಲ್ಲಿ ಎರಡು ಕೈಯಲ್ಲಿ ಎರಡು ಚೀಲ ಹಿಡಿದ ಒಬ್ಬಳು ಅಜ್ಜಿ ಹತ್ತಿದ್ದಳು. ಅವಳು ಸೀಟು ಮುಟ್ಟುವ ಮುಂಚೆಯೇ ಅವನು ರೈಟ್ ಅಂದಿದ್ದ. ಬಸ್ಸು ಎಳೆಯಿತು, ಅಜ್ಜಿ ದೊಪ್ಪನೆ ಬಿದ್ದಳು. ಅವಳನ್ನು ಎತ್ತುವ ಮೊದಲು ಅವನು ಕೇಳಿದ ಪ್ರಶ್ನೆ ಅದು. ಅವಳು ಉತ್ತರ ಕೊಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಕುಂಟುತ್ತ ಇಳಿದಳು, ಮತ್ತೆಂದೂ ಆ ರೂಟಿನಲ್ಲಿ ಕಾಣಲಿಲ್ಲ. ಉತ್ತರ ಈಗ ಅವನ ಎರಡು ಕೈಯಲ್ಲೂ ಇತ್ತು, ಅವನ ಕನ್ನಡಕಕ್ಕೆ ಬೆರಳು ಹಾಕುತ್ತಿತ್ತು.

“ಹೋಲ್ಡಾನ್,” ಎಂಬ ದನಿ ಕೆಳಗಿನಿಂದ ಬಂತು. ಕೂಗಿದ್ದಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಹೇಳುವಷ್ಟು ಮೆಲ್ಲಗೆ. ಡ್ರೈವರು ಮಗುವಿನ ಒದ್ದೆ ಲಂಗೋಟಿಯೊಂದನ್ನು ಭುಜಕ್ಕೆ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದ. “ಹಿಂದೆ ಗೋಡೆ ಇದೆ. ಬೆನ್ನು ಕೊಡು. ಹಾಗೇ ಜಾರಿ ಕೂತ್ಕೋ.”

ಕಂಬ ಬೆನ್ನು ಕೊಟ್ಟ, ಜಾರಿದ, ಮೇಲಿನ ಮೆಟ್ಟಿಲಿನ ಮೇಲೆ ಕೂತ. ಯಾರೂ ಬೀಳಲಿಲ್ಲ. ಡ್ರೈವರು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಎರಡು ಪಾದವೂ ಊರಿ ಹತ್ತಿ ಬಂದು, ಎರಡು ಮೆಟ್ಟಿಲು ಕೆಳಗೆ ಕೂತ. ಮಗುವಿಗೆ ಕೈ ಚಾಚಲಿಲ್ಲ. ಅದೂ ಕಂಬನಿಗೆ ಸಹಿಸಲಾಗಲಿಲ್ಲ.

“ಕಿತ್ಕೋ ಮತ್ತೆ. ಅದಕ್ಕೇ ಅಲ್ವಾ ಬಂದಿದ್ದು? ಯಾವಾಗ್ಲೂ ನೀನೇ ಒಳ್ಳೆಯವನು. ಬಸ್ಸಲ್ಲೂ ನೀನೇ. ಕನ್ನಡಿ ನೋಡ್ಕೊಂಡು, ಮುದುಕೀರ ಹತ್ರ ಕೈ ಮುಗಿಸ್ಕೊಂಡು.”

ಡ್ರೈವರು ಭುಜದ ಲಂಗೋಟಿಯನ್ನು ತೆಗೆದು ಮಡಚಿದ.

“ಕನ್ನಡಿ ಯಾವಾಗಿಂದ ನೋಡೋಕೆ ಶುರು ಮಾಡಿದೆ ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ಅದು ಅವನ ಹುಟ್ಟುಗುಣ ಎಂದೇ ಕಂಬ ಇಷ್ಟು ವರ್ಷ ಕರುಬಿದ್ದ.

“ಎರಡು ಚೀಲದ ಅಜ್ಜಿ ಬಿದ್ಲಲ್ಲ, ಅವತ್ತಿಂದ. ನೀನು ರೈಟ್ ಅಂದೆ, ನಿಜ. ಆದ್ರೆ ಆಕ್ಸಿಲೇಟರ್ ತುಳಿದಿದ್ದು ನನ್ನ ಕಾಲು. ಕನ್ನಡಿ ತಲೆ ಮೇಲೇ ಇತ್ತು, ನೋಡ್ಲಿಲ್ಲ. ಅವಳು ಬಿದ್ದ ಮೇಲೆ ಕಲ್ತೆ. ನಾನು ಬಿದ್ದ ಮೇಲೆ ಕಂಬಿ ತಂದೆ. ನಂಗೆ ಬೀಳದೆ ಬುದ್ಧಿ ಬಂದಿದ್ದೇ ಇಲ್ಲ ಮಾರಾಯ.”

ಕಂಬ ಮಗುವಿನ ನೆತ್ತಿ ನೋಡುತ್ತ ಕೂತ. ಆ ಅಜ್ಜಿಯನ್ನು ಇಪ್ಪತ್ತು ವರ್ಷ ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ಅದರಲ್ಲೂ ಪಾಲು ಕೇಳಲು ಬಂದನಲ್ಲ ಇವನು ಎಂದು ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ಬಾಯಿ ತಾನಾಗಿ ತೆರೆಯಿತು.

“ಮೂರು ಸಲ ಬಿದ್ದಿದೀನಿ.”

“ನಾಲ್ಕು,” ಎಂದಳು ಮಗಳು. ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಕೆಳಗೆ ಬಂದು ನಿಂತಿದ್ದಳು. ಮುಖ ಬಿಳಿಚಿತ್ತು, ದನಿ ಮಾತ್ರ ನೆಟ್ಟಗಿತ್ತು. “ಅಂಗಡಿ ಮುಂದೆ ಎಡವಿ ಕೂತಿದ್ದು ಅಂಗಡಿಯವರೇ ಹೇಳಿದ್ರು.”

“ಅದು ಬಿದ್ದಿದ್ದಲ್ಲ, ಕೂತಿದ್ದು,” ಎಂದ ಕಂಬ, ಹಳೇ ಚಟಕ್ಕೆ.

ಅವಳು ನಗಲಿಲ್ಲ. ಮೆಟ್ಟಿಲು ಹತ್ತಿ ಬಂದು ಅಪ್ಪನ ಪಕ್ಕ ಕೂತು ಹೇಳಿದಳು: ಅವನ ಮನೆಯ ನಡುಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಉದ್ದಕ್ಕೂ ಒಂದು ಕೊಳೆಯ ಗೆರೆ ಮೂಡಿದೆ. ಅಂಗೈಯ ಕಲೆ. ಯಾರೂ ಇಲ್ಲದಾಗ ಗೋಡೆ ಹಿಡಿದು ನಡೆಯುವವನ ಕಲೆ. ಅಮ್ಮ ವಾರಕ್ಕೊಮ್ಮೆ ಸೋಪು ಹಾಕಿ ಒರೆಸುತ್ತಾಳೆ, ಬಾಯಿ ಬಿಡುವುದಿಲ್ಲ. ಅಂದರೆ ಹೆಂಡತಿಗೂ ಎಲ್ಲ ಗೊತ್ತಿತ್ತು. ಬಕೆಟ್ಟಿನ ಕಥೆಯನ್ನು ನಂಬಿದ್ದು ಕಥೆ ಹೇಳಿದವನು ಮಾತ್ರ.

“ಬಿದ್ದೆ ಅಂತ ಮಗು ಕೊಡದೆ ಇದ್ದಿದ್ದಲ್ಲ ಅಪ್ಪ. ಮಾವನೂ ಬಿದ್ದಿದಾರೆ. ಅವರು ಬಿದ್ರೆ ಹೇಳ್ತಾರೆ. ನೀನು ಮುಚ್ಚಿಡ್ತೀಯ. ನಾನು ಕೌಂಟರಲ್ಲಿ ಕೂತಿರುವಾಗ ಮನೇಲಿ ಏನಾಯ್ತು ಅಂತ ನಂಗೆ ಗೋಡೆ ನೋಡಿ ಗೊತ್ತಾಗ್ಬೇಕಾ?”

ಮಗು ಅವಳ ಕೈಗೆ ಹೋಯಿತು. ಈ ಸಲ ಕಂಬ ತಾನೇ ಕೊಟ್ಟ.

ಸೋಮವಾರ ಡಾಕ್ಟರ ಹತ್ತಿರ ಅವನ ಜೊತೆ ಹೋದದ್ದು ಆಮೆಯೇ. ಇದ್ದ ಮಾತ್ರೆಯೆಲ್ಲ ಒಂದು ಚೀಲಕ್ಕೆ ತುಂಬಿಸಿಕೊಂಡು ಹೋಗಿ ಮೇಜಿನ ಮೇಲೆ ಸುರಿದ. “ನಾಲ್ಕು ಸಲ ಬಿದ್ದಿದಾರೆ,” ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ನಿಂತಾಗ ಸರ್ರನೆ ಇಳಿಯುತ್ತಿತ್ತು. ಒಂದು ಮಾತ್ರೆ ಕಡಿಮೆ ಮಾಡಿದರು, ನಿದ್ದೆಯದ್ದನ್ನು ಮೆಲ್ಲಮೆಲ್ಲಗೆ ಬಿಡಿಸುವುದಾಗಿ ಹೇಳಿದರು. ಮಲಗಿ ಎದ್ದವನು ಮಂಚದ ತುದಿಯಲ್ಲಿ ಸ್ವಲ್ಪ ಕೂತು, ಕಾಲಾಡಿಸಿ ಆಮೇಲೆ ನಿಲ್ಲಬೇಕು. ನಡೆಯಲಿಕ್ಕೆ ಬೇರೆ ಕನ್ನಡಕ. ಚಪ್ಪಲಿ ಬೇಡ, ಬೂಟು. ಕಾಲಿಗೆ ಕಸರತ್ತು, ದಿನಾ. ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಗದರಿದಾಗ ಕಂಬ, “ನೀವು ಕೇಳ್ಲಿಲ್ವಲ್ಲ ಸಾರ್,” ಎಂದ. ಜೀವಮಾನದಲ್ಲಿ ಒಬ್ಬ ಡಾಕ್ಟರ ಬಾಯಿ ಮುಚ್ಚಿಸಿದ ಖುಷಿ ಅವನಿಗೆ ಅದೊಂದೇ.

ಕಸರತ್ತು ಭಕ್ತಿಯಿಂದ ನಡೆಯಿತು ಎಂದುಕೊಂಡರೆ ತಪ್ಪು. ನಡೆದದ್ದು ಮತ್ಸರದಿಂದ. ಆಮೆ ಕೈ ಊರದೆ ಕುರ್ಚಿಯಿಂದ ಹನ್ನೆರಡು ಸಲ ಏಳುತ್ತಿದ್ದ. ಕಂಬನಿಗೆ ಮೊದಲ ದಿನ ಮೂರು, ಅದರಲ್ಲೂ ಮೂರನೆಯದಕ್ಕೆ ಕೈ ಕದ್ದು ಊರಿದ. “ಟಿಕೆಟ್ ಇಲ್ದೆ ಬಂತು ಅದು, ಲೆಕ್ಕಕ್ಕಿಲ್ಲ,” ಎಂದ ಆಮೆ. ಆ ಮಾತಿನ ಉರಿಗೆ ವಾರದಲ್ಲಿ ಐದಾಯಿತು, ಮೂರು ವಾರಕ್ಕೆ ಎಂಟು. ಚಹಾ ಕುದಿಯುವಾಗ ಇಬ್ಬರೂ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಂತು, ಯಾರು ಮೊದಲು ಕಾಲಿಡುತ್ತಾರೆಂದು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದರು. ಚಹಾ ಉಕ್ಕಿ ಒಲೆಗೆ ಬೀಳುತ್ತಿತ್ತು. ಕಂಬನ ಹೆಂಡತಿ ಇಬ್ಬರಿಗೂ ಒಟ್ಟಿಗೆ ಬೈಯುತ್ತಿದ್ದಳು. ಅವಳ ಬಚ್ಚಲಿಗೂ ಎರಡು ಕಂಬಿ ಬಂದವು, ಗುಜರಿಯಿಂದಲೇ. ಕಂಬ ತಾನೇ ಆರಿಸಿ ತಂದ. ಆಮೆಯ ಮನೆಯದಕ್ಕಿಂತ ಹೆಚ್ಚು ಹೊಳೆಯುವಂಥವು.

ಮಗಳ ರಜೆಯ ಕೊನೆಯ ದಿನ ಬಂತು. ಅವಳು ಮಹಡಿಯಲ್ಲಿ ಅಪ್ಪನ ಎದೆಗೆ ಪಟ್ಟಿಯ ಚೀಲ ಕಟ್ಟಿ, ಅದರೊಳಗೆ ಮಗುವನ್ನು ಕೂರಿಸಿ, ಬಕಲ್ ಎರಡೆರಡು ಸಲ ಎಳೆದು ನೋಡಿದಳು. ಈಗ ಅವನ ಎರಡು ಕೈಯೂ ಖಾಲಿ. ಒಂದು ಕೈ ಮಗುವಿನ ಬೆನ್ನಿಗೆ. ಇನ್ನೊಂದು?

ಮೂವತ್ತೊಂದು ವರ್ಷದ ಕಾನೂನು ಒಂದು ಸಲ ಬೆರಳುಗಳಲ್ಲಿ ತಡವರಿಸಿತು. ಆಮೇಲೆ ಅವನು ಕಂಬಿ ಹಿಡಿದ. ತಣ್ಣಗಿತ್ತು, ನುಣ್ಣಗಿತ್ತು. ಇಷ್ಟು ವರ್ಷ ಎಷ್ಟೊಂದು ಜನ ಇದನ್ನು ಹಿಡಿದು ಬದುಕಿಕೊಂಡರು ಎಂಬುದು ಅಂಗೈಗೆ ಗೊತ್ತಾಯಿತು.

ಕೆಳಗೆ ಆಮೆ ನಿಂತಿದ್ದ, ಕತ್ತೆತ್ತಿ, ಕನ್ನಡಿ ನೋಡುವ ಅದೇ ಕಣ್ಣಲ್ಲಿ. ಹಿಂದಿನಿಂದ ಮಗಳು ಮೆಲ್ಲಗೆ, “ರೈಟ್,” ಎಂದಳು.

ಕಂಬ ಹದಿನಾಲ್ಕು ಮೆಟ್ಟಿಲನ್ನೂ ಎಣಿಸಿ ಇಳಿದ. ಕೊನೆಯ ಮೆಟ್ಟಿಲಿಗೆ ಬಂದು, ಎರಡೂ ಪಾದ ನೆಲಕ್ಕೂರಿ, ಉಸಿರು ಬಿಟ್ಟು, ಗೆದ್ದ ಮುಖದಲ್ಲಿ ಎದೆಯ ಮೇಲಿನ ಮಗುವನ್ನು ನೋಡಿದ.

ಮಗು ಅವನನ್ನು ನೋಡಲೇ ಇಲ್ಲ. ಆಮೆಯ ಕಡೆ ಎರಡೂ ಕೈ ಚಾಚಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು.

“ಹಾರನ್ ಹೇಗೆ ಹೊಡೆಯೋದು,” ಎಂದು ಕಂಬ ಬೀಗರನ್ನು ಕೇಳಿದ, ಹಲ್ಲು ಕಚ್ಚಿಕೊಂಡು. “ನಂಗೂ ಹೇಳಿಕೊಡು.”